ನೋಡಿಕೊಳ್ಳುವವಳು

ಗಂಡ ಆಗಲೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಎಡಗೈಯಿಂದಲೇ ಟವೆಲನ್ನು ಹೇಗೋ ಕುತ್ತಿಗೆಗೆ ಸಿಕ್ಕಿಸಿಕೊಂಡು, ಗಲ್ಲ ಮೇಲೆತ್ತಿ ಕಾಯುತ್ತಿದ್ದ. ಬಿಸಿನೀರಿನ ಲೋಟ, ಬ್ರಶ್ಶು, ಸೋಪು, ರೇಜರು ಬರಬೇಕಾದ ಹೊತ್ತು. ಅವಳು ಒಲೆಯ ಮುಂದೆ ನಿಂತು ಕುದಿಯುವ ನೀರಿಗೆ ಚಹಾಪುಡಿ ಹಾಕಿದಳು, ಸಕ್ಕರೆ ಹಾಕಿದಳು, ಸೋಸಿದಳು. ಅವನ ಕಡೆ ತಿರುಗಲಿಲ್ಲ.

"ನೀರು ಕಾದಿಲ್ವಾ?" ಎಂದ. ಲಕ್ವ ಹೊಡೆದ ಮೇಲೆ ಅವನ ಮಾತು ಬಾಯಿತುಂಬ ಹತ್ತಿ ತುರುಕಿಕೊಂಡವನ ಮಾತಿನಂತೆ ಬರುತ್ತಿತ್ತು. ಬೇರೆಯವರಿಗೆ ಅದು ಬರೀ ಗೊಣಗಾಟ. ಅವಳಿಗೆ ಮಾತ್ರ ಒಂದಕ್ಷರವೂ ತಪ್ಪುತ್ತಿರಲಿಲ್ಲ.

"ಇವತ್ತು ಬೇಡ ರೀ."

"ಯಾಕೆ?"

"ಇವತ್ತೂ ಬೇಡ, ನಾಳೆನೂ ಬೇಡ. ಆಫೀಸಿಗೆ ಹೋಗಿ ಬರೋ ತನಕ ಬೇಡ."

ಅವನು ಗಲ್ಲ ಕೆಳಗಿಳಿಸಲಿಲ್ಲ. ತಾನು ಕೇಳಿದ್ದೇ ತಪ್ಪಿರಬೇಕು, ಇನ್ನೊಂದು ಗಳಿಗೆ ಕಾದರೆ ನೀರು ಬಂದೇ ಬರುತ್ತದೆ ಎನ್ನುವವನಂತೆ ಕೂತೇ ಇದ್ದ. ಆಮೇಲೆ ಟವೆಲನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು, "ಆ ದರಿದ್ರದವನ ಮಾತು ಕೇಳ್ದೆ ಅಲ್ವಾ," ಎಂದ. ಅವಳು ಚಹಾದ ಲೋಟವನ್ನು ಅವನ ಎಡಗೈಗೆ ಕೊಟ್ಟು, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟುಬಿಟ್ಟಳು.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಎರಡು ಕುರ್ಚಿಯ ಸಲೂನು ಇಟ್ಟುಕೊಂಡಿದ್ದವನು ಅವಳ ಗಂಡ. ಅವನ ಕೈಗುಣಕ್ಕೆ ಮಾರುಹೋದವರು ಊರಿನ ಇನ್ನೊಂದು ತುದಿಗೆ ಮನೆ ಬದಲಾಯಿಸಿದರೂ ಗಡ್ಡಕ್ಕೆ ಮಾತ್ರ ಅವನ ಹತ್ತಿರವೇ ಬರುತ್ತಿದ್ದರು. ಮುಖ ಅಂದರೆ ಮನೆಬಾಗಿಲಿದ್ದ ಹಾಗೆ, ಗುಡಿಸದೆ ಬಿಟ್ಟರೆ ಯಾರು ಒಳಗೆ ಬರುತ್ತಾರೆ ಎನ್ನುವುದು ಅವನ ಹಳೇ ತಮಾಷೆ. ಜ್ವರ ಬಂದು ಮಲಗಿದ ದಿನವೂ ಗಡ್ಡ ಕೆರೆಯದೆ ಇದ್ದವನಲ್ಲ. ಒಂದು ದಿನ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದವನ ಬಲಗೈಯಿಂದ ಬ್ರಶ್ಶು ಜಾರಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು, ಅರ್ಧ ಬಾಯಿ ಅವನ ಮಾತು ಕೇಳುವುದನ್ನು ಬಿಟ್ಟಿದ್ದವು. ಸಲೂನು ಬೇರೆಯವರ ಪಾಲಾಯಿತು. ಅಂದಿನಿಂದ ಅವನನ್ನು ಎಬ್ಬಿಸುವುದು, ಕೂರಿಸುವುದು, ತೊಳೆಯುವುದು, ಉಡಿಸುವುದು, ಉಣಿಸುವುದು ಎಲ್ಲ ಅವಳದೇ. ಗಡ್ಡ ತೆಗೆಯುವುದನ್ನು ಅವನೇ ಕನ್ನಡಿಯಲ್ಲಿ ನೋಡುತ್ತ ಹೇಳಿಕೊಟ್ಟಿದ್ದ. ಮೊದಮೊದಲು ಕೆನ್ನೆತುಂಬ ಗೀರು ಬೀಳುತ್ತಿದ್ದವು. ಅವನು ಒಮ್ಮೆಯೂ ಹಾ ಎನ್ನಲಿಲ್ಲ.

ಅವಳಿಗೆ ಲಾಂಡ್ರಿಯಲ್ಲಿ ಕೆಲಸ. ಆಸ್ಪತ್ರೆಗಳ, ಲಾಡ್ಜುಗಳ ಹಾಸಿಗೆ ಬಟ್ಟೆ ಅಲ್ಲಿಗೆ ಬರುತ್ತಿತ್ತು. ರಕ್ತ, ಕೀವು, ವಾಂತಿ, ಮತ್ತೊಂದು, ಮಗದೊಂದು. ಯಾವ ಕಲೆಗೆ ತಣ್ಣೀರು, ಯಾವುದಕ್ಕೆ ಬಿಸಿನೀರು ಎಂದು ನೋಡಿದ ಕೂಡಲೇ ವಿಂಗಡಿಸುವವಳು ಅವಳು. ಹೊಸದಾಗಿ ಸೇರಿದ ಹುಡುಗಿಯರು ಮೂಗು ಮುಚ್ಚಿಕೊಂಡರೆ ನಗುತ್ತಿದ್ದಳು. ಗಂಡನಿಗಾಗಿ ಅವಳು ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡಳು. ಅರ್ಧ ದಿನದ ಸಂಬಳದಲ್ಲಿ ಮನೆ ನಡೆಸುವುದೆಂದರೆ ಕಂಬಳಿ ಕಾಲಿಗೆ ಎಳೆದರೆ ತಲೆಗಿಲ್ಲ, ತಲೆಗೆ ಎಳೆದರೆ ಕಾಲಿಗಿಲ್ಲ. ಮನೆಯ ಮಾಲೀಕನಂತೂ ಈಚೆಗೆ ಬಾಗಿಲು ತಟ್ಟುವುದನ್ನೂ ಬಿಟ್ಟು ನೇರವಾಗಿ ಒಳಗೇ ಬರುತ್ತಿದ್ದ. ಇಂಥವರಿಗೆ ಸರ್ಕಾರ ಅಂಗವಿಕಲರ ಭತ್ಯೆ ಕೊಡುತ್ತದೆ, ಅದು ಮಂಜೂರಾದರೆ ನೋಡಿಕೊಳ್ಳುವವರಿಗೂ ಬೇರೆಯಾಗಿ ಆರೈಕೆ ಭತ್ಯೆ ಸಿಗುತ್ತದೆ ಎಂದು ಲಾಂಡ್ರಿಯಲ್ಲಿ ಯಾರೋ ಹೇಳಿದಾಗ ಅವಳಿಗೆ ಹೋದ ಜೀವ ಬಂದಂತಾಗಿತ್ತು.

ಮೊದಲ ಸಲ ತಪಾಸಣೆಗೆ ಕರೆ ಬಂದಾಗ ಅವಳು ನಸುಕಿನಲ್ಲೇ ಎದ್ದು ಅವನಿಗೆ ಸ್ನಾನ ಮಾಡಿಸಿದ್ದಳು. ನುಣ್ಣಗೆ ಗಡ್ಡ ತೆಗೆದು, ಉಗುರು ಕತ್ತರಿಸಿ, ಬಿಳಿ ಶರ್ಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ತೊಡಿಸಿದ್ದಳು. ದೊಡ್ಡವರ ಮುಂದೆ ಹೋಗುವಾಗ ನೆಟ್ಟಗೆ ಹೋಗಬೇಕಲ್ಲ. ತಪಾಸಣೆಯ ಡಾಕ್ಟರು ಬಾಯಲ್ಲಿ ಪೆಪ್ಪರಮಿಂಟು ಹೊರಳಿಸುತ್ತ, ಯಜಮಾನರು ಮದುಮಗನ ಹಾಗಿದ್ದಾರಲ್ಲ ಎಂದು ನಕ್ಕ. ಗಂಡನೂ ಅರ್ಧ ಬಾಯಲ್ಲಿ ನಕ್ಕ. ಗಡ್ಡ ನೀವೇ ಮಾಡಿಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಿದಾಗ, ತಾನೊಬ್ಬ ಕ್ಷೌರಿಕ ಎಂಬುದು ನೆನಪಾಗಿಯೋ, ಹೆಂಡತಿಯ ಮುಂದೆ ಇಲ್ಲ ಎನ್ನಲು ನಾಚಿಕೆಯಾಗಿಯೋ, ಅವನು ಹೂಂ ಎಂದು ತಲೆಯಾಡಿಸಿಬಿಟ್ಟ. ಸ್ನಾನ? ಅದಕ್ಕೂ ಹೂಂ. ಬಟ್ಟೆ? ಹೂಂ. ಅವಳು ಬಾಯಿ ಹಾಕಲು ಹೋದರೆ ಡಾಕ್ಟರು ಕೈಯೆತ್ತಿ, ಅವರೇ ಹೇಳಲಿ ಬಿಡಮ್ಮ ಎಂದ. ಸ್ವಂತ ಕೆಲಸಗಳನ್ನು ತಾನೇ ಅಚ್ಚುಕಟ್ಟಾಗಿ ಮಾಡಿಕೊಳ್ಳಬಲ್ಲ ವ್ಯಕ್ತಿ ಎಂಬ ಕಾರಣಕ್ಕೆ ಅರ್ಜಿ ವಾಪಸು ಬಂತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಅವಳ ಅಷ್ಟೂ ದುಡಿಮೆಯನ್ನು ಅವರು ಅವನ ಲೆಕ್ಕಕ್ಕೆ ಬರೆದಿದ್ದರು.

ಆಮೇಲೆ ಸಿಕ್ಕವನೇ ಕಾಯ್ದೆ ಮಾವ. ತಪಾಸಣೆ ನಡೆದ ಅದೇ ಆಫೀಸಿನಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಈಗ ಎದುರಿನ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಕಾಯ್ದೆ ಹೇಳುತ್ತಿದ್ದ. ಹಲ್ಲಿನ ಸಂದಿಯನ್ನು ಬೆಂಕಿಕಡ್ಡಿಯಿಂದ ಕೆದಕುತ್ತ, ಕಡ್ಡಿಯ ತುದಿಯನ್ನು ನೋಡುತ್ತ ಮಾತಾಡುವ ಅಭ್ಯಾಸ. ಅವಳ ಕಥೆಯನ್ನೆಲ್ಲ ಕೇಳಿ, ಪಾಪ ಎಂದೂ ಅನ್ನದೆ, ನೇರವಾಗಿ ವಿಷಯಕ್ಕೆ ಬಂದ.

"ಗಂಡನ್ನ ಮದುಮಗನ ಥರ ಕರ್ಕೊಂಡು ಹೋದ್ರೆ ಅವರು ಆಶೀರ್ವಾದ ಮಾಡ್ತಾರಮ್ಮ, ಭತ್ಯೆ ಕೊಡಲ್ಲ. ಅವರಿಗೆ ಕಣ್ಣಿಗೆ ಕಾಣ್ಬೇಕು. ಕಣ್ಣಿಗಿಂತ ಮೊದಲು ಮೂಗಿಗೆ ಕಾಣ್ಬೇಕು."

ಒಂದು ವಾರ ಸ್ನಾನ ಬೇಡ, ಗಡ್ಡ ಬೇಡ, ಉಗುರು ಬೇಡ, ಬಟ್ಟೆ ಬದಲಾಯಿಸುವುದು ಬೇಡ. ಉಂಡದ್ದು ಬಾಯಲ್ಲೇ ಇರಲಿ. ಕೊನೆಯ ದಿನ ಉಚ್ಚೆ ಹೊಯ್ದುಕೊಂಡರೆ ಇನ್ನೂ ಒಳ್ಳೆಯದು. ಅಡುಗೆಗೆ ಎಷ್ಟು ಉಪ್ಪು ಹಾಕಬೇಕೆಂದು ಹೇಳುವವನಂತೆ ಅವನು ಹೇಳುತ್ತ ಹೋದ. ಅವಳಿಗೆ ಎದ್ದುಹೋಗಬೇಕೆನಿಸಿತು. ಆದರೂ ಕೂತು ಪೂರ್ತಿ ಕೇಳಿಸಿಕೊಂಡಳು. ಹೊರಡುವಾಗ ಅವನ ಚಹಾ, ಸಿಗರೇಟಿನ ದುಡ್ಡನ್ನು ಅಂಗಡಿಯವನಿಗೆ ತಾನೇ ಕೊಟ್ಟಳು.

ಮತ್ತೆ ಅರ್ಜಿ ಹಾಕಿ, ತಪಾಸಣೆಗೆ ಕರೆ ಬಂದ ಮೇಲೆ ಹೀಗೆ ಆ ವಾರ ಶುರುವಾಯಿತು. ಗಂಡ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಎರಡನೇ ದಿನದಿಂದ ಅವನು ಕಿಟಕಿಯನ್ನು ಮುಚ್ಚಿಸಿಕೊಂಡ. ಗಡ್ಡದ ಕೂಳೆ ತುರಿಸತೊಡಗಿದಾಗ ಕೆನ್ನೆಯನ್ನು ಕುರ್ಚಿಯ ಬೆನ್ನಿಗೆ ಉಜ್ಜುತ್ತಿದ್ದ, ಮೈ ಉಜ್ಜಿಕೊಳ್ಳುವ ಎಮ್ಮೆಯ ಹಾಗೆ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಲಗಡೆಯ ಬಾಯಿಂದ ಸೋರಿ ಗಡ್ಡದಲ್ಲಿ ಒಣಗಿತು. ಒರೆಸಲು ಎತ್ತಿದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. ಅದನ್ನು ನೋಡಿದ ಮೇಲೆ ಅವನು ಬ್ರೆಡ್ಡನ್ನೇ ಬೇಡವೆಂದ. ವಾರಕ್ಕೊಮ್ಮೆ ಪೇಪರು ಓದಿಹೇಳಲು ಬರುತ್ತಿದ್ದ ಹಳೇ ಗಿರಾಕಿಯೊಬ್ಬರನ್ನು, ಅವರು ಮಲಗಿದ್ದಾರೆ ಎಂದು ಬಾಗಿಲಿನಿಂದಲೇ ಕಳಿಸಿದಳು. ಮಲಗಿರದ ಗಂಡ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಕಕ್ಕಸಿನ ಕೆಲಸವೊಂದನ್ನು ಮಾತ್ರ ಅವಳಿಂದ ಬಿಡಲಾಗಲಿಲ್ಲ. ಅದನ್ನು ತೊಳೆದು, ಮತ್ತೆ ಅದೇ ಕೊಳಕು ಪೈಜಾಮವನ್ನು ಏರಿಸುತ್ತಿದ್ದಳು. ದಿನ ಕಳೆದಂತೆ ಆ ಒಂದು ಕೋಣೆಯ ಮನೆಯಲ್ಲಿ ವಾಸನೆ ಗೋಡೆಗೆ ಹತ್ತಿಕೊಂಡಿತು. ಹುಳಿತ ಹಾಲು, ಬೆವರು, ಎಣ್ಣೆಗಟ್ಟಿದ ತಲೆ. ಅವಳು ಲಾಂಡ್ರಿಯಿಂದ ಬಂದು ಬಾಗಿಲು ತೆರೆದರೆ ಹೊಸ್ತಿಲಲ್ಲೇ ಸೆರಗು ಮೂಗಿಗೆ ಹೋಗುತ್ತಿತ್ತು. ಒಂದು ಸಂಜೆ ಅವನು ನೀರು ಕೇಳಿದಾಗ, ಲೋಟವನ್ನು ಹತ್ತಿರ ಹೋಗಿ ಕೊಡದೆ ಕೈ ಚಾಚಿ ದೂರದಿಂದಲೇ ಕೊಟ್ಟಳು. ಕೊಟ್ಟ ಮೇಲೆ ಅವಳಿಗೇ ಅದು ಗೊತ್ತಾಯಿತು. ಇಷ್ಟು ವರ್ಷ ಅವನ ಎಲ್ಲವನ್ನೂ ತೊಳೆದಾಗ ಆಗದಿದ್ದ ಅಸಹ್ಯ, ತೊಳೆಯದೆ ಬಿಟ್ಟ ನಾಲ್ಕು ದಿನದಲ್ಲಿ ಆಗಿತ್ತು. ಅದು ಅವನ ಮೇಲಿನದೋ ತನ್ನ ಮೇಲಿನದೋ ಬಿಡಿಸಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಅವಳು ಅವನನ್ನು ಕಕ್ಕಸಿಗೆ ಕರೆದುಕೊಂಡು ಹೋಗಲಿಲ್ಲ. ಅವನು ಎರಡು ಸಲ ಕೇಳಿದ. ಅವಳು ಪಾತ್ರೆ ತೊಳೆಯುತ್ತ ನಿಂತಳು. ಮೂರನೇ ಸಲ ಅವನು ಕೇಳಲಿಲ್ಲ. ಅವಳು ತಿರುಗಿ ನೋಡಿದಾಗ ಅವನು ಕಣ್ಣುಮುಚ್ಚಿ ಕೂತಿದ್ದ, ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು. ಅವಳು ನೆಲವನ್ನಷ್ಟೇ ಒರೆಸಿದಳು.

ಬಸ್ಸಿನಲ್ಲಿ ಅವರ ಮುಂದೆ ಕೂತವರು ಎದ್ದು ಹಿಂದೆ ಹೋದರು. ಆಫೀಸಿನ ಹಜಾರದಲ್ಲಿ, ಎಲ್ಲರೂ ಒತ್ತಿಕೊಂಡು ನಿಂತಿದ್ದ ಕಡೆ, ಅವರಿಬ್ಬರಿಗೆ ಮಾತ್ರ ಪೂರ್ತಿ ಒಂದು ಬೆಂಚು ಸಿಕ್ಕಿತು. ಕರೆ ಕೂಡ ಬೇಗ ಬಂತು. ಯಾರೋ ಒಳಗೆ ಹೋಗಿ ಹೇಳಿದ್ದಿರಬೇಕು.

ಡಾಕ್ಟರು ಅವನೇ, ಪೆಪ್ಪರಮಿಂಟೂ ಅದೇ. ಅವನಿಗೆ ಇವರ ಗುರುತು ಹತ್ತಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು, ಕಿಟಕಿ ತೆರೆಯುವಂತೆ ಜವಾನನಿಗೆ ಸನ್ನೆ ಮಾಡಿ, ಕರವಸ್ತ್ರವನ್ನು ಮೂಗಿಗೆ ಹಿಡಿದ. ಈ ಸಲ ಪ್ರಶ್ನೆಗಳೇ ಹೆಚ್ಚಿರಲಿಲ್ಲ. ಕೈ ಎತ್ತಲು ಹೇಳಿದ, ಗಂಡ ಎತ್ತಲಿಲ್ಲ. ಹೆಸರು ಕೇಳಿದ, ಗಂಡ ಹೇಳಲಿಲ್ಲ. ಅವನು ನೆಲ ನೋಡುತ್ತ ಕೂತಿದ್ದ, ನಾಟಕಕ್ಕಲ್ಲ, ನಿಜವಾಗಿಯೇ. ಡಾಕ್ಟರು ಟಕಟಕ ಎಂದು ಕಂಪ್ಯೂಟರಿನಲ್ಲಿ ಒತ್ತಿ, ಇವರದು ಪೂರ್ಣ ಅವಲಂಬನೆ, ಭತ್ಯೆಗೆ ಅಡ್ಡಿಯಿಲ್ಲ ಎಂದ. ಅವಳು ಕಣ್ಣುಮುಚ್ಚಿ ಉಸಿರುಬಿಟ್ಟಳು. ಎರಡೇ ನಿಮಿಷದ ಕೆಲಸ. ಕಾಯ್ದೆ ಮಾವ ಹೇಳಿದ್ದು ಸುಳ್ಳಾಗಿರಲಿಲ್ಲ.

"ಆರೈಕೆ ಭತ್ಯೆಗೂ ಹಾಕಿದ್ದೀರಿ," ಎಂದ ಡಾಕ್ಟರು, ಪರದೆಯ ಮೇಲಿನ ಕಣ್ಣು ತೆಗೆಯದೆ. "ಇವರನ್ನ ಯಾರು ನೋಡ್ಕೊಳ್ಳೋದು?"

"ನಾನೇ ಸಾರ್."

"ನೀವಾ?"

ಆಗ ಮೊದಲ ಸಲ ಅವನು ಅವಳ ಮುಖ ನೋಡಿದ. ಆಮೇಲೆ ಗಂಡನ ಗಡ್ಡ ನೋಡಿದ, ಉಗುರು ನೋಡಿದ, ಪೈಜಾಮದ ಕಲೆಯನ್ನು ನೋಡಿದ. ಮತ್ತೆ ಅವಳ ಸೀರೆಯ ಕಡೆ ಕಣ್ಣು ಹೊರಳಿಸಿದ. ಅವಳ ಸೀರೆ ಶುಭ್ರವಾಗಿತ್ತು. ಲಾಂಡ್ರಿಯಲ್ಲಿ ಕೆಲಸ ಮಾಡುವವಳ ಸೀರೆ ಹೇಗಿರಬೇಕೋ ಹಾಗಿತ್ತು.

"ಬೇಜಾರು ಮಾಡ್ಕೋಬೇಡಿ ಅಮ್ಮ. ಇದಕ್ಕೆ ನೋಡ್ಕೊಳ್ಳೋದು ಅಂತಾರಾ?"

ಕಾಯ್ದೆ ಮಾವ ಇದೊಂದನ್ನು ಹೇಳಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ಡಾಕ್ಟರು ದನಿ ಏರಿಸದೆಯೇ ಹೇಳುತ್ತ ಹೋದ: ಮನುಷ್ಯನನ್ನು ಹೀಗೆ ಬಿಡಬಾರದು, ಚರ್ಮ ಹುಣ್ಣಾಗುತ್ತದೆ, ನಾಯಿಯನ್ನು ಸಾಕಿದವರೂ ಸ್ನಾನ ಮಾಡಿಸುತ್ತಾರೆ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಆಗ ಗಂಡ ತಲೆಯೆತ್ತಿದ. ಆಫೀಸಿಗೆ ಬಂದಾಗಿನಿಂದ ಬಾಯಿ ಬಿಡದಿದ್ದವನು ಮಾತಾಡತೊಡಗಿದ. ಎಡಗೈಯಿಂದ ಮೇಜನ್ನು ಹಿಡಿದುಕೊಂಡು, ಬಾಯಂಚಿನಿಂದ ಜೊಲ್ಲು ಸಿಡಿಯುತ್ತಿದ್ದರೂ ನಿಲ್ಲಿಸದೆ, ಒಂದೊಂದೇ ಪದವನ್ನು ಹೊರಗೆ ದೂಡಿದ.

"ಸುಳ್ಳು ಇದು. ಎಲ್ಲ ನಾಟಕ. ದಿನಾ ಇವಳೇ ತೊಳೀತಾಳೆ ನನ್ನ. ನನ್ನ ಕುಂಡೆ ತೊಳೆದ ಕೈ ಅದು. ನಿಮ್ಮಂಥವರಿಗೋಸ್ಕರ ಹೀಗೆ ಬಿಟ್ಟಿದ್ದು. ಇವಳಿಗೆ ಏನೂ ಅನ್ಬೇಡಿ."

ಡಾಕ್ಟರಿಗೆ ಒಂದಕ್ಷರವೂ ತಿಳಿಯಲಿಲ್ಲ. ಕರವಸ್ತ್ರವನ್ನು ಮೂಗಿನಿಂದ ಸ್ವಲ್ಪ ಸರಿಸಿ ಅವಳ ಕಡೆ ತಿರುಗಿದ.

"ಏನಂತಾರೆ?"

ಗಂಡನೂ ಅವಳ ಕಡೆ ತಿರುಗಿದ. ಹೇಳು ಎಂಬಂತೆ ತಲೆಯಾಡಿಸಿದ. ಜವಾನ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಹೇಳಿದರೆ ಮೋಸವೆಂದು ಬರೆಯುತ್ತಾರೆ, ಆಗ ಇದೂ ಇಲ್ಲ, ಅದೂ ಇಲ್ಲ. ಹೇಳದಿದ್ದರೆ ಅವನದಾದರೂ ಉಳಿಯುತ್ತದೆ. ಅತ್ತ ದರಿ, ಇತ್ತ ಹುಲಿ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮನೆಗೆ ಹೋಗೋಣ ಅಂತಿದ್ದಾರೆ ಸಾರ್. ಕೂತು ಸಾಕಾಗಿದೆಯಂತೆ."

ಗಂಡ ಅವಳನ್ನು ನೋಡಿದ. ಮತ್ತೆ ಅದನ್ನೇ ಹೇಳಿದ, ಇನ್ನೂ ಜೋರಾಗಿ. ಮೇಜಿಗೆ ಗುದ್ದಿದ. ಪೆನ್ನಿನ ಡಬ್ಬಿ ಉರುಳಿತು. ಜವಾನ ಒಳಗೆ ಬಂದು ಅವನ ಭುಜ ಹಿಡಿದ. ಸಿಟ್ಟು ಬೇರೆ ಬರುತ್ತದೆ ಎಂದು ಡಾಕ್ಟರು ತನ್ನಷ್ಟಕ್ಕೆ ಹೇಳಿಕೊಂಡು, ಅದನ್ನೂ ಒತ್ತಿದ. ಆಮೇಲೆ ಅವಳಿಗೂ ಕೇಳಿಸುವಂತೆ ಓದುತ್ತ ಒತ್ತಿದ: ಪತ್ನಿಯಿಂದ ಆರೈಕೆ ನಡೆಯುತ್ತಿರುವುದು ಕಂಡುಬಂದಿಲ್ಲ. ನಿಗಾ ಇಡತಕ್ಕದ್ದು. ಓದಿದ್ದಕ್ಕೆ ಒಪ್ಪಿಗೆಯೇ ಎಂದು ಕೇಳಿದ. ಅವಳು ಒಪ್ಪಿಗೆ ಎಂದಳು, ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.

ಬಸ್ಸಿಳಿದು ಮನೆ ಸೇರಿದರು. ಅವಳು ಬಾಗಿಲು ಹಾಕಿದವಳೇ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದಳು. ಅವನನ್ನು ಬಚ್ಚಲಿನ ಸ್ಟೂಲಿನ ಮೇಲೆ ಕೂರಿಸಿ, ಪೈಜಾಮ ಬಿಚ್ಚಿ ಮೂಲೆಗೆ ಎಸೆದು, ನೀರು ಹೊಯ್ದಳು. ಮೊದಲ ನೀರು ಕಂದುಬಣ್ಣವಾಗಿ ಹರಿಯಿತು. ತೊಡೆಯ ಸಂದಿ ಕೆಂಪಗೆ ಬೆಂದಿತ್ತು. ಸೋಪು ತಾಕಿದಾಗ ಅವನು ಹಲ್ಲು ಕಚ್ಚಿದ.

"ಯಾಕೆ ಹೇಳ್ಲಿಲ್ಲ?" ಎಂದ, ಗೋಡೆಯ ಕಡೆ ಮುಖ ಮಾಡಿ.

"ಹೇಳಿದ್ರೆ ಎರಡೂ ಹೋಗ್ತಿತ್ತು."

"ಹೋಗ್ಲಿ ಬಿಡು ಅನ್ನಬೇಕಿತ್ತು."

"ಬಾಡಿಗೆ ಯಾರು ಕಟ್ತಾರೆ?"

ಅವಳು ಬೆನ್ನು ಉಜ್ಜಿದಳು, ಕಿವಿಯ ಹಿಂದೆ ಉಜ್ಜಿದಳು, ಬೆರಳಿನ ಸಂದಿಗಳನ್ನು ಒಂದೊಂದಾಗಿ ಉಜ್ಜಿದಳು. ನೀರು ತಿಳಿಯಾದ ಮೇಲೂ ಉಜ್ಜುತ್ತಲೇ ಇದ್ದಳು. ಸಾಕು ಕಣೇ, ಚರ್ಮ ಬರುತ್ತೆ ಎಂದು ಅವನೇ ಅವಳ ಕೈ ಹಿಡಿದ.

ಅವನ ಭತ್ಯೆ ಬರಲು ಶುರುವಾಯಿತು. ಬಾಡಿಗೆಗೆ ಆಯಿತು, ಔಷಧಿಗೆ ಆಗಲಿಲ್ಲ. ಆರೈಕೆ ಭತ್ಯೆಗೆ ಮೇಲ್ಮನವಿ ಹಾಕಬಹುದೆಂದು ಕೇಳಿ ಅವಳು ಮತ್ತೆ ಜೆರಾಕ್ಸ್ ಅಂಗಡಿಯ ಬೆಂಚಿಗೆ ಹೋದಳು. ಕಾಯ್ದೆ ಮಾವ ಕಡ್ಡಿಯಿಂದ ಹಲ್ಲು ಕೆದಕುತ್ತ ಬಹಳ ಹೊತ್ತು ಯೋಚಿಸಿದ. ಪೂರ್ತಿ ಚೊಕ್ಕಟವಾಗಿದ್ದರೆ ಅವನದಕ್ಕೆ ಕುತ್ತು, ಪೂರ್ತಿ ಗಲೀಜಾಗಿದ್ದರೆ ನಿನ್ನದಕ್ಕೆ ಕುತ್ತು ಎಂದ. ಕೊನೆಗೆ ಕಡ್ಡಿ ಬಿಸಾಡಿ ದಾರಿ ಕಂಡವನಂತೆ ಮುಂದಕ್ಕೆ ಬಾಗಿದ.

"ಒಂದು ಕೆಲಸ ಮಾಡು. ಅರ್ಧ ತೊಳಿ."

ಅವನು ತಮಾಷೆ ಮಾಡುತ್ತಿರಲಿಲ್ಲ. ಮುಖಕ್ಕೆ ನೀರು ಬೇಡ, ಬಟ್ಟೆ ಮಾತ್ರ ಒಗೆದದ್ದಿರಲಿ. ಗಡ್ಡ ಇರಲಿ, ಉಗುರು ತೆಗಿ ಎಂದು ವಿವರಿಸತೊಡಗಿದ. ಅವಳು ಎದ್ದಳು. ಈ ಸಲ ಅವನ ಚಹಾದ ದುಡ್ಡು ಕೊಡಲಿಲ್ಲ. ರಸ್ತೆ ದಾಟಿದ ಮೇಲೆ ಮೋರಿಯ ಪಕ್ಕ ನಿಂತು, ಬಾಯಲ್ಲಿ ಏನೂ ಇಲ್ಲದಿದ್ದರೂ ಥೂ ಎಂದು ಉಗಿದಳು. ಮೇಲ್ಮನವಿ ಹಾಕಲಿಲ್ಲ. ಲಾಂಡ್ರಿಯಲ್ಲಿ ಕೇಳಿ, ಮಧ್ಯಾಹ್ನ ಅವನಿಗೆ ಉಣಿಸಿ ಮಲಗಿಸಿದ ಮೇಲೆ ಇನ್ನಷ್ಟು ಹೊತ್ತು ದುಡಿಯುವುದಕ್ಕೆ ಒಪ್ಪಿಸಿದಳು.

ನಿಗಾ ಇಡುವವಳು ಒಂದು ಬುಧವಾರ ಬಂದಳು. ನಗುಮುಖದ, ದುಂಡಗಿನ ಹೆಂಗಸು. ಕುತ್ತಿಗೆಯಲ್ಲಿ ಗುರುತಿನ ಚೀಟಿ. ಮನೆಯೊಳಗೆ ಕಾಲಿಟ್ಟವಳೇ ಗಾಳಿಯನ್ನು ಒಮ್ಮೆ ಮೂಸಿದಳು. ಹಾಸಿಗೆಯ ಮಗ್ಗುಲು ಮಗುಚಿ ನೋಡಿದಳು, ಬಚ್ಚಲಿನ ಬಾಗಿಲು ತೆಗೆದು ನೋಡಿದಳು. ಗಂಡನಿಗೆ ಕಿವಿ ಕೇಳುವುದಿಲ್ಲವೇನೋ ಎಂಬಂತೆ ದೊಡ್ಡ ದನಿಯಲ್ಲಿ, ಇವರು ಊಟ ಹಾಕ್ತಾರಾ ಅಜ್ಜಾ, ಬೈಯ್ತಾರಾ, ಹೊಡೀತಾರಾ ಎಂದು ಕೇಳಿದಳು. ಅವನಿಗಿನ್ನೂ ಅಜ್ಜನಾಗುವ ವಯಸ್ಸಾಗಿರಲಿಲ್ಲ. ಅವನು ಉತ್ತರಿಸಿದ, ಆ ಹೆಂಗಸಿಗೆ ಅರ್ಥವಾಗಲಿಲ್ಲ. ಏನೆಂದರು ಎಂದು ಹೆಂಡತಿಯನ್ನು ಕೇಳಲೂ ಇಲ್ಲ. ಆರೋಪಿಯನ್ನೇ ಸಾಕ್ಷಿ ಕೇಳುತ್ತಾರೆಯೇ?

ಬದಲಿಗೆ ಅವನ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಸರಿಸಿ, ಕುತ್ತಿಗೆಯನ್ನು ಒತ್ತಿ ನೋಡಿದಳು. ಕಿವಿಯ ಹಿಂದೆ ಬೆರಳು ಆಡಿಸಿದಳು. ಗಲ್ಲ ಹಿಡಿದು ಮುಖವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿದಳು, ಸಂತೆಯಲ್ಲಿ ದನ ಕೊಳ್ಳುವವರು ಬಾಯಿ ನೋಡುವ ಹಾಗೆ. ಅವನು ಎದುರಿನ ಗೋಡೆಯನ್ನು ನೋಡುತ್ತ ಕೂತಿದ್ದ. ಎಲ್ಲ ನೋಡಿಯಾದ ಮೇಲೆ ಆ ಹೆಂಗಸು ಚೀಲದಿಂದ ಸಣ್ಣ ಬಾಟಲಿ ತೆಗೆದು, ಅಂಗೈಗೆ ಹನಿಸಿಕೊಂಡು, ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಉಜ್ಜಿಕೊಂಡಳು.

"ಪರವಾಗಿಲ್ಲ, ಸುಧಾರಿಸಿದೆ," ಎಂದಳು ಅವಳ ಬೆನ್ನು ತಟ್ಟಿ. "ನೋಡಿದ್ರಾ? ಯಾರಾದ್ರೂ ಬಂದು ಕೇಳ್ತಾರೆ ಅಂತ ಗೊತ್ತಾದ್ರೆ ಎಲ್ಲ ತಾನಾಗೇ ನೆಟ್ಟಗಾಗುತ್ತೆ. ಹೀಗೇ ಮುಂದುವರಿಸಿ."

ತಿಂಗಳಿಗೊಮ್ಮೆ ಬರುತ್ತೇನೆ, ಹೇಳದೆಯೇ ಬರುತ್ತೇನೆ ಎಂದು ನಗುತ್ತ ಮೆಟ್ಟಿಲಿಳಿದು ಹೋದಳು. ಕೆಳಗೆ ಸ್ಕೂಟರು ಶುರುವಾದ ಸದ್ದು ಬಂತು, ಗಲ್ಲಿಯ ತಿರುವಿನಲ್ಲಿ ಕರಗಿತು. ಮನೆಯಲ್ಲಿ ಆ ಬಾಟಲಿಯ ಘಾಟು ಮಾತ್ರ ಉಳಿದಿತ್ತು.

ಅವಳು ಬಟ್ಟಲಿನಲ್ಲಿ ನೀರು ತಂದು ಕುರ್ಚಿಯ ಪಕ್ಕ ಕೂತಳು. ಒಗೆದ ಬಟ್ಟೆಯೊಂದನ್ನು ಅದ್ದಿ ಹಿಂಡಿ, ಆ ಬೆರಳುಗಳು ತಾಕಿದ ಜಾಗವನ್ನೆಲ್ಲ ಒರೆಸತೊಡಗಿದಳು. ಮೊದಲು ಗಲ್ಲ, ಆಮೇಲೆ ಕಿವಿಯ ಹಿಂದೆ. ಬೆಳಿಗ್ಗೆಯಷ್ಟೇ ಸ್ನಾನವಾಗಿದೆಯಲ್ಲ ಎಂದು ಅವನು ಅನ್ನಲಿಲ್ಲ. ಅವಳ ಕೈ ಕುತ್ತಿಗೆಗೆ ಬಂದಾಗ, ಅಂಗಿ ಒದ್ದೆಯಾಗದಂತೆ, ಎಡಗೈಯಿಂದ ಕಾಲರನ್ನು ಪಕ್ಕಕ್ಕೆ ಎಳೆದು ಹಿಡಿದುಕೊಂಡ.